ಮೊದಲು ಕಣ್ಣು, ಆಮೇಲೆ ನಾಲಿಗೆ



ಮೈಸೂರಿನ ಒಂದು ಕಾಲೇಜಿನಲ್ಲಿ ದೂರದರ್ಶನದ ಕೆಲಸದ ಬಗ್ಗೆ ಮಾತನಾಡಿ ವೇದಿಕೆಯಿಂದ ಇಳಿಯುತ್ತಿದ್ದೆ. ಪದವಿಯ ಮೊದಲ ವರ್ಷದಲ್ಲಿ ಓದುವ ಹುಡುಗನೊಬ್ಬ ಹತ್ತಿರ ಬಂದ. ‘ಸಾರ್, ನನಗೆ ಆಟದ ಹುಚ್ಚು. ಮಾತೂ ಚೆನ್ನಾಗಿ ಬರುತ್ತದೆ. ಎಲ್ಲಿಯೂ ತಡವರಿಸದೆ ಐದು ನಿಮಿಷ ಮಾತನಾಡಬಲ್ಲೆ. ನಾನು ಕ್ರೀಡಾ ವೀಕ್ಷಕ ವಿವರಣೆಗಾರ ಆಗಬಹುದೇ?’ ಎಂದು ಕೇಳಿದ. ಕಿಟಕಿಯ ಆಚೆ ಮೈದಾನದಲ್ಲಿ ಕೆಲವರು ವಾಲಿಬಾಲ್ ಆಡುತ್ತಿದ್ದರು. ‘ಅಲ್ಲಿ ಏನು ನಡೆಯುತ್ತಿದೆ, ಒಂದು ನಿಮಿಷ ಹೇಳಪ್ಪ’ ಎಂದೆ.

ಹುಡುಗ ಶುರುಮಾಡಿದ. ‘ಎಂಥ ರೋಚಕ ಕ್ಷಣ! ಎಂಥ ಅದ್ಭುತ ಹೊಡೆತ! ಪ್ರೇಕ್ಷಕರು ತುದಿಗಾಲಲ್ಲಿ ನಿಂತಿದ್ದಾರೆ!’ ಧ್ವನಿ ಚೆನ್ನಾಗಿತ್ತು, ಉಚ್ಚಾರಣೆಯೂ ಶುದ್ಧವಾಗಿತ್ತು. ನಿಮಿಷ ಮುಗಿದ ಮೇಲೆ ನಾನು ಎರಡೇ ಪ್ರಶ್ನೆ ಕೇಳಿದೆ. ಸರ್ವ್ ಮಾಡಿದವರು ಯಾವ ಕಡೆಯವರು? ಕೊನೆಯ ಪಾಯಿಂಟ್ ಯಾರಿಗೆ ಬಂತು? ಅವನಿಗೆ ಎರಡೂ ಗೊತ್ತಿರಲಿಲ್ಲ. ಸುತ್ತ ನಿಂತಿದ್ದ ಗೆಳೆಯರು ನಕ್ಕರು. ನನಗೆ ನಗು ಬರಲಿಲ್ಲ. ಯಾಕೆಂದರೆ ಅದೇ ತಪ್ಪನ್ನು ನಾನು ನೇರ ಪ್ರಸಾರದಲ್ಲಿಯೇ ಮಾಡಿದವನು. ಆ ಕಥೆಯನ್ನು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ.

ಮೊದಲು ನಮ್ಮ ಊರಿನ ಮಾತು. ಬಾನುಲಿಗೂ ಮೈಸೂರಿಗೂ ಹಳೆಯ ನಂಟು. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿಯೇ 30 ವಾಟ್ ಸಾಮರ್ಥ್ಯದ ಪುಟ್ಟ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಇನ್ನು ವೀಕ್ಷಕ ವಿವರಣೆ ಎಂದರೆ ಏನೆಂದು ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಸರೆಯ ಜಂಬೂಸವಾರಿಯ ವಿವರಣೆಯನ್ನು ರೇಡಿಯೊದಲ್ಲಿ ಕೇಳಿಯೇ ಅಂಬಾರಿಯನ್ನು ‘ನೋಡಿದ’ ಅಜ್ಜ ಅಜ್ಜಿಯರು ನಮ್ಮ ಸುತ್ತಲಿನ ಹಳ್ಳಿಗಳಲ್ಲಿದ್ದರು. ದಸರಾ ಕುಸ್ತಿಯ ಅಖಾಡದಲ್ಲಿ ಧ್ವನಿವರ್ಧಕ ಹಿಡಿದು ಜೋಡಿಗಳ ಹೆಸರು, ಊರು, ಗರಡಿಮನೆಯ ಹೆಸರನ್ನು ಕೂಗಿ ಹೇಳುವವರನ್ನು ನೀವೂ ಕಂಡಿದ್ದೀರಿ. ಕ್ರೀಡಾ ಪ್ರಸಾರದ ಬೇರು ಅಲ್ಲಿಯೇ ಇದೆ. ಕಾಣದವರಿಗೆ ಕಂಡವರು ಹೇಳುವುದು, ಅಷ್ಟೇ.

ರೇಡಿಯೊದಲ್ಲಿ ಕೇಳುಗನಿಗೆ ಏನೂ ಕಾಣುವುದಿಲ್ಲ. ಚೆಂಡು ಎಲ್ಲಿದೆ, ಅಂಕ ಎಷ್ಟು, ಎಷ್ಟು ಸಮಯ ಉಳಿದಿದೆ ಎಂಬುದನ್ನು ಮತ್ತೆ ಮತ್ತೆ ಹೇಳಬೇಕು. ಈಗ ತಾನೆ ರೇಡಿಯೊ ಹಾಕಿದವನೂ ಇರುತ್ತಾನಲ್ಲ! ದೂರದರ್ಶನದಲ್ಲಿ ಚಿತ್ರವೇ ಅರ್ಧ ಮಾತನಾಡುತ್ತದೆ. ಚೆಂಡು ಬೌಂಡರಿ ದಾಟಿದ್ದು ಎಲ್ಲರಿಗೂ ಕಾಣುವಾಗ ‘ಚೆಂಡು ಬೌಂಡರಿ ದಾಟಿತು’ ಎನ್ನುವುದರಲ್ಲಿ ಏನು ಹೆಚ್ಚುಗಾರಿಕೆ? ಹಾಗಾದದ್ದು ಯಾಕೆ, ಮುಂದೆ ಏನಾಗಬಹುದು ಎಂಬುದನ್ನು ಹೇಳಬೇಕು. ಹೇಳುವುದಕ್ಕೆ ಏನೂ ಇಲ್ಲದಿದ್ದರೆ ಸುಮ್ಮನಿರಬೇಕು. ಸುಮ್ಮನಿರುವುದು ಈ ವೃತ್ತಿಯ ಅತ್ಯಂತ ಕಷ್ಟದ ಪಾಠ.

ವಿವರಣೆಗಾರನ ಮುಂದೆ ಒಂದು ಮಾನಿಟರ್ ಇರುತ್ತದೆ. ಕಣ್ಣೆದುರಿನ ಮೈದಾನದಲ್ಲಿ ಏನೇ ನಡೆಯಲಿ, ಮನೆಯಲ್ಲಿರುವವರಿಗೆ ಕಾಣುವುದು ಆ ಪರದೆಯ ಮೇಲೆ ಬಂದದ್ದು ಮಾತ್ರ. ಆದ್ದರಿಂದ ಮಾತು ಪರದೆಯ ಚಿತ್ರಕ್ಕೆ ಹೊಂದಬೇಕು. ಕಿವಿಯಲ್ಲಿ ಹೆಡ್‌ಫೋನ್ ಇರುತ್ತದೆ. ‘ಹತ್ತು ಸೆಕೆಂಡಿನಲ್ಲಿ ಜಾಹೀರಾತು’, ‘ಈಗ ನಿಧಾನಗತಿಯ ಮರುಪ್ರಸಾರ’ ಎಂದು ಹೊರಗೆ ಓ.ಬಿ. ವ್ಯಾನಿನಲ್ಲಿ ಕುಳಿತ ನನ್ನಂಥ ನಿರ್ಮಾಪಕರು ಅದರಲ್ಲಿ ಹೇಳುತ್ತಲೇ ಇರುತ್ತೇವೆ. ಅದನ್ನು ಕೇಳಿಸಿಕೊಳ್ಳುತ್ತಾ, ತನ್ನ ವಾಕ್ಯ ತಪ್ಪದೆ, ಆ ಹತ್ತು ಸೆಕೆಂಡಿನೊಳಗೆ ಮಾತು ಮುಗಿಸಬೇಕು.

ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದವನು. ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಪಿಚ್ಚಿನಿಂದ 85 ಮೀಟರ್ ದೂರದಲ್ಲಿ ಕುಳಿತವನಿಗೆ ಬ್ಯಾಟಿಗೆ ಚೆಂಡು ತಾಗಿದ್ದು ಕಂಡ ಕಾಲು ಸೆಕೆಂಡಿನ ಮೇಲೆ ಅದರ ಸದ್ದು ಕೇಳುತ್ತದೆ. ಮೊದಲು ಕಣ್ಣು, ಆಮೇಲೆ ಕಿವಿ. ನಾಲಿಗೆಯ ಸರದಿ ಬರುವುದು ಕೊನೆಗೆ. ಪ್ರಕೃತಿಯೇ ಹಾಕಿಕೊಟ್ಟ ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನನ್ನದೇ ಉದಾಹರಣೆ ಇದೆ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ನಾನು ಕೆಲಸಕ್ಕೆ ಹೊಸಬ. ಬಾಲಕಿಯರ ಖೋಖೋ ಪಂದ್ಯಾವಳಿಯ ಅಂತಿಮ ಪಂದ್ಯದ ನೇರ ಪ್ರಸಾರ. ವಿವರಣೆ ಕೊಡಬೇಕಾಗಿದ್ದವರಿಗೆ ಜ್ವರ ಬಂತು. ‘ನೀವೇ ಕೂತುಬಿಡಿ’ ಎಂದರು. ನನಗೋ ಹಿಗ್ಗು. ಆಟಗಾರ್ತಿಯರ ಪಟ್ಟಿ ಹಿಂದಿನ ದಿನವೇ ಕೈಗೆ ಬಂದಿತ್ತು. ಪಂದ್ಯಕ್ಕೆ ಮುಂಚೆ ಒಂದು ಸಲ ಎದ್ದುಹೋಗಿ ತರಬೇತುದಾರರ ಜೊತೆ ಕೂತು ಅದನ್ನು ತಾಳೆ ನೋಡಬೇಕಿತ್ತು. ನೋಡಲಿಲ್ಲ. ಆರಂಭಕ್ಕೆ ಹೇಳಬೇಕಾದ ಚೆಂದದ ಸಾಲುಗಳನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದೆ.

ಅಂಗಿಯ ಸಂಖ್ಯೆಗಳು ಬೆಳಿಗ್ಗೆ ಬದಲಾಗಿದ್ದವು. ಆ ದಿನ ಒಬ್ಬಳು ಹುಡುಗಿ ಕಂಬದಿಂದ ಕಂಬಕ್ಕೆ ಓಡಿ, ಸಾಲಿನ ನಡುವೆ ನುಸುಳಿ, ಬೆನ್ನಟ್ಟಿದವರ ಕೈಗೆ ಸಿಗದೆ ಪಂದ್ಯವನ್ನು ಉಳಿಸಿದಳು. ನಾನು ಅಷ್ಟೂ ಹೊತ್ತು ಹೊಗಳಿದ್ದು ಇನ್ನೊಬ್ಬಳ ಹೆಸರು ಹಿಡಿದು. ಒಂದು ವಾರದ ಮೇಲೆ ಒಂದು ಅಂಚೆಕಾರ್ಡು ಬಂತು. ಬರೆದವರು ಆ ಹುಡುಗಿಯ ತಂದೆ. ಪಕ್ಕದ ಮನೆಯಲ್ಲಿ ಕುಳಿತು ಟಿ.ವಿ. ನೋಡಿದ್ದರಂತೆ. ಅದರಲ್ಲಿ ಬೈಗುಳ ಇರಲಿಲ್ಲ. ‘ಆಡಿದ್ದು ನಮ್ಮ ಮಗಳ ಹಾಗೆಯೇ ಕಂಡಿತು. ಹೆಸರು ಬೇರೆ ಹೇಳಿದಿರಿ. ಅವಳು ಆ ದಿನ ಆಡಲಿಲ್ಲವೇ?’ ಎಂದು ಕೇಳಿದ್ದರು. ಕ್ಷಮೆ ಕೇಳಿ ಉತ್ತರ ಬರೆದೆ. ಆದರೆ ಅಂದು ಪ್ರಸಾರ ನೋಡಿದ್ದ ಜನಕ್ಕೆಲ್ಲ ಹೇಗೆ ಉತ್ತರ ಬರೆಯಲಿ? ನಮಗೆ ಅದು ತಿಂಗಳಿನ ಹತ್ತು ಪ್ರಸಾರಗಳಲ್ಲಿ ಒಂದು. ಆ ಮನೆಗೆ ಬಹುಶಃ ಜೀವಮಾನದಲ್ಲಿ ಒಂದೇ.

ಆದ್ದರಿಂದ ಸಿದ್ಧತೆಯ ಬಗ್ಗೆ ಒತ್ತಿ ಹೇಳುತ್ತೇನೆ. ಆಟಗಾರರ ಹೆಸರು, ಊರು, ಅಂಗಿಯ ಸಂಖ್ಯೆ, ಓಡುವ ಭಂಗಿ, ಇವನ್ನೆಲ್ಲ ಬೆನ್ನಿನ ಸಂಖ್ಯೆ ಕಾಣದಿದ್ದರೂ ಗುರುತು ಹಿಡಿಯುವಷ್ಟು ತಿಳಿದಿರಬೇಕು. ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ಅವರನ್ನೇ ಕೇಳಬೇಕು. ನಿಯಮಪುಸ್ತಕ ಓದಿರಬೇಕು. ಸಿದ್ಧರಿದ್ದವರಿಗೆ ಅವಕಾಶ ಯಾವಾಗ ಬರುತ್ತದೆಯೋ ಹೇಳಲಾಗದು. 2022ರ ಫೆಬ್ರುವರಿ 12ರಂದು ಬೆಂಗಳೂರಿನಲ್ಲಿ ಐಪಿಎಲ್ ಆಟಗಾರರ ಹರಾಜು ನಡೆಯುತ್ತಿದ್ದಾಗ ಹರಾಜುದಾರ ಹ್ಯೂ ಎಡ್ಮೀಡ್ಸ್ ವೇದಿಕೆಯಲ್ಲಿಯೇ ಕುಸಿದುಬಿದ್ದರು. ಬೆಂಗಳೂರಿನಲ್ಲಿಯೇ ಇದ್ದ ಹಿರಿಯ ಕ್ರೀಡಾ ನಿರೂಪಕ ಚಾರು ಶರ್ಮಾ ಅವರಿಗೆ ಕರೆ ಹೋಯಿತು. ಸ್ವಲ್ಪ ಹೊತ್ತಿನಲ್ಲಿಯೇ ವೇದಿಕೆಗೆ ಬಂದು ಆ ದಿನದ ಉಳಿದ ಹರಾಜನ್ನು ನಿರಾತಂಕವಾಗಿ ನಡೆಸಿಕೊಟ್ಟರು. ದಶಕಗಳ ಅಭ್ಯಾಸ ಅಂದು ಕೈಹಿಡಿಯಿತು.

ಇನ್ನು ಭಾಷೆ. 2025ರ ಜನವರಿ 19ರಂದು ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ಪಿನ ಮಹಿಳೆಯರ ಅಂತಿಮ ಪಂದ್ಯ ನಡೆಯಿತು. ಭಾರತ 78–40ರಿಂದ ನೇಪಾಳವನ್ನು ಸೋಲಿಸಿತು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿ ಯಾರು ಗೊತ್ತೇ? ನಮ್ಮ ಮೈಸೂರು ಜಿಲ್ಲೆ, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ. ಆಕೆ ಇದ್ದ ರಕ್ಷಣಾ ತಂಡ ಐದು ನಿಮಿಷಕ್ಕೂ ಹೆಚ್ಚು ಹೊತ್ತು ಓಡಿ ಅಂಕ ಗಳಿಸಿತು. ಇದಕ್ಕೆ ‘ಡ್ರೀಮ್ ರನ್’ ಎನ್ನುತ್ತಾರೆ. ನಿಗದಿತ ಸಮಯ ಮೀರಿ ಔಟಾಗದೆ ಉಳಿದ ರಕ್ಷಕರಿಗೆ ಸಿಗುವ ಅಂಕ ಅದು. ಆ ಓಟವನ್ನು ಕುರುಬೂರಿನ ಅಂಗಳದಲ್ಲಿ ಕುಳಿತವರಿಗೆ ಅವರದೇ ಮಾತಿನಲ್ಲಿ ಯಾರು ಹೇಳಬೇಕು? ನೀವಲ್ಲದೆ ಇನ್ನಾರು? ಕುಸ್ತಿಯ ಪಟ್ಟು, ಚಿತ್ತು, ಕಬಡ್ಡಿಯ ದಾಳಿ, ಖೋಖೋದ ಕಂಬ, ಇವೆಲ್ಲ ನಮ್ಮ ಜನರ ಬಾಯಲ್ಲಿ ಆಗಲೇ ಇರುವ ಮಾತುಗಳು. ನಿಘಂಟಿನಿಂದ ಭಾರವಾದ ಪದಗಳನ್ನು ಹೊತ್ತು ತರಬೇಕಾಗಿಲ್ಲ. ಕ್ರಿಕೆಟ್ಟಿನ ವಿಕೆಟ್, ರನ್ನು, ಓವರು ಕೂಡ ಈಗ ಕನ್ನಡವೇ.

ಹಾಗಾದರೆ ಕೆಲಸ ಎಲ್ಲಿದೆ? ಬಾಗಿಲುಗಳು ಮೊದಲಿಗಿಂತ ಹೆಚ್ಚಿವೆ. 2023ರ ಐಪಿಎಲ್‌ನ ಅಂತರಜಾಲ ಪ್ರಸಾರ ಕನ್ನಡವೂ ಸೇರಿ 12 ಭಾಷೆಗಳಲ್ಲಿ ನಡೆಯಿತು. ಅದೇ ವರ್ಷ ಮಹಿಳಾ ಪ್ರೀಮಿಯರ್ ಲೀಗ್ ಆರಂಭವಾಯಿತು. ಹುಡುಗಿಯರೇ, ಈ ಮಾತು ನಿಮಗೂ ಸೇರಿದ್ದು. ಆದರೂ ನಿಜ ಹೇಳದಿದ್ದರೆ ನಾನು ನಿಮಗೆ ಮೋಸ ಮಾಡಿದಂತೆ. ತಜ್ಞರ ಕುರ್ಚಿ ಸಾಮಾನ್ಯವಾಗಿ ಹೆಸರುವಾಸಿ ಆಟಗಾರರಿಗೆ ಹೋಗುತ್ತದೆ. ಕನ್ನಡದಲ್ಲಿ ವಿವರಣೆ ಕೊಡುವ ವಿಜಯ್ ಭಾರದ್ವಾಜ್ ಭಾರತಕ್ಕೆ ಆಡಿದವರು. ಆಡದವರಿಗೆ ಹಾದಿ ಇಲ್ಲವೆಂದಲ್ಲ. ಹರ್ಷ ಭೋಗ್ಲೆ ಓದಿದ್ದು ರಾಸಾಯನಿಕ ಎಂಜಿನಿಯರಿಂಗ್, ಮಾತು ಆರಂಭಿಸಿದ್ದು ಹೈದರಾಬಾದಿನ ಆಕಾಶವಾಣಿಯಲ್ಲಿ. ಆದರೆ ಅಂಥವರು ವಿರಳ. ಬಹುಪಾಲು ಕೆಲಸ ಪಂದ್ಯದ ಲೆಕ್ಕದಲ್ಲಿ ಸಿಗುತ್ತದೆ. ಋತು ಮುಗಿದರೆ ಸಂಪಾದನೆಯೂ ನಿಲ್ಲುತ್ತದೆ. ಅಪ್ಪ ಅಮ್ಮ ‘ಮೊದಲು ಡಿಗ್ರಿ ಮುಗಿಸು’ ಎಂದರೆ ಮುನಿಸಿಕೊಳ್ಳಬೇಡಿ. ಅವರು ಹೇಳುವುದು ಸರಿ.

ಮೈಕಿನ ಜೊತೆಗೆ ಇನ್ನೊಂದು ಕಸುಬನ್ನೂ ಕಲಿಯಿರಿ ಎಂಬುದು ನನ್ನ ಸಲಹೆ. ಒಬ್ಬ ವಿವರಣೆಗಾರನ ಹಿಂದೆ ಛಾಯಾಗ್ರಾಹಕರು, ಧ್ವನಿ ತಂತ್ರಜ್ಞರು, ಮರುಪ್ರಸಾರದ ಯಂತ್ರ ನಡೆಸುವವರು, ಅಂಕಿಅಂಶ ಒದಗಿಸುವವರು, ಸಂಕಲನಕಾರರು, ನಿರ್ಮಾಪಕರು ಇರುತ್ತಾರೆ. ಲೆಕ್ಕದಲ್ಲಿ ಗಟ್ಟಿಯಿರುವ ವಿಜ್ಞಾನದ ವಿದ್ಯಾರ್ಥಿಗೆ ಅಂಕಿಅಂಶದ ಮೇಜು ಒಳ್ಳೆಯ ಆರಂಭ. ಪತ್ರಿಕೋದ್ಯಮ ಓದಬೇಕೆನ್ನುವವರಿಗೆ ಮಾನಸಗಂಗೋತ್ರಿಯಲ್ಲಿಯೇ ವಿಭಾಗವಿದೆ. ಆಕಾಶವಾಣಿ ಧ್ವನಿಪರೀಕ್ಷೆಗೆ ಅರ್ಜಿ ಕರೆದಾಗ ಗಮನಿಸಿ. ಸರಗೂರಿನ ‘ಜನಧ್ವನಿ’ಯಂಥ ಸಮುದಾಯ ಬಾನುಲಿಗಳೂ ಇವೆ. ಎಲ್ಲಕ್ಕಿಂತ ಹತ್ತಿರದ್ದು ನಿಮ್ಮ ಕಾಲೇಜಿನ ಕ್ರೀಡಾದಿನದ ಮೈಕು. ಅದನ್ನು ಕೇಳಿ ಪಡೆಯಿರಿ.

ಈ ಭಾನುವಾರವೇ ಒಂದು ಅಭ್ಯಾಸ ಮಾಡಿ. ಹತ್ತಿರದ ಮೈದಾನಕ್ಕೆ ಹೋಗಿ. ಆಡುವವರ ಹೆಸರನ್ನೆಲ್ಲ ಕೇಳಿ ಬರೆದುಕೊಳ್ಳಿ. ಹತ್ತು ನಿಮಿಷದ ವಿವರಣೆಯನ್ನು ಫೋನಿನಲ್ಲಿ ಧ್ವನಿಮುದ್ರಿಸಿ, ಆಟ ನೋಡದ ಯಾರಿಗಾದರೂ ಕೇಳಿಸಿ. ಅಂಕ ಎಷ್ಟು, ಗೆದ್ದವರು ಯಾರು, ಹೇಗೆ ಗೆದ್ದರು ಎಂದು ಅವರನ್ನು ಕೇಳಿ. ಅವರು ಸರಿಯಾಗಿ ಹೇಳಿದರೆ ನೀವು ಪಾಸು.

ಆ ವಾಲಿಬಾಲ್ ಹುಡುಗನಿಗೂ ಇದನ್ನೇ ಹೇಳಿ ಕಳಿಸಿದ್ದೆ. ಎರಡು ತಿಂಗಳ ಮೇಲೆ ಏಳು ನಿಮಿಷದ ಧ್ವನಿಮುದ್ರಣ ಕಳಿಸಿದ. ಎರಡು ಕಡೆ ತಡವರಿಸಿದ್ದಾನೆ, ಒಂದು ಕಡೆ ಉಸಿರು ಕಟ್ಟಿದೆ. ಆದರೆ ಅಂಕ ಒಂದೂ ತಪ್ಪಿಲ್ಲ. ‘ಅದ್ಭುತ’ ಎಂಬ ಮಾತು ಒಂದೇ ಸಲ ಬಂದಿದೆ. ಹನ್ನೆರಡು ಆಟಗಾರರ ಹೆಸರೂ ಇದೆ. ಕೊನೆಯಲ್ಲಿ, ಹೊರಗೆ ಕುಳಿತಿದ್ದ ಬದಲಿ ಆಟಗಾರನ ಹೆಸರನ್ನೂ ಹೇಳಿದ್ದಾನೆ. ಕೇಳಿ ಮುಗಿಸಿದಾಗ ನನಗೆ ಆ ಹಳೆಯ ಅಂಚೆಕಾರ್ಡು ನೆನಪಾಯಿತು.