ಹೇಳಿದರೆ ಸಾಲದು, ಹೋಗಿ ನೋಡಬೇಕು

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಪದಾಧಿಕಾರಿಗಳೇ, ದಾನಿಗಳೇ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಂದ ಬೆಳಗಿನ ಬಸ್ ಹಿಡಿದು ಬಂದಿರುವ ತಾಯಂದಿರೇ, ಹಿರಿಯರೇ, ಪ್ರೀತಿಯ ಮಕ್ಕಳೇ,

ನಾಯಕತ್ವದ ಬಗ್ಗೆ ನಾಲ್ಕು ಮಾತು ಆಡಿ ಎಂದು ಟ್ರಸ್ಟಿನವರು ಹೇಳಿದಾಗ ನನಗೆ ಸಂಕೋಚವಾಯಿತು. ನಾನು ದೊಡ್ಡ ಅಧಿಕಾರಿಯಲ್ಲ. ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುವ ಹುಡುಗನಾಗಿ ಕೆಲಸ ಶುರು ಮಾಡಿ, ಒಂದು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ, ಕೊನೆಗೆ ಮೇಲ್ವಿಚಾರಕನಾಗಿ ನಿವೃತ್ತನಾದವನು. ಆದರೆ ಹತ್ತು ಜನರಿಂದ ಕೆಲಸ ಮಾಡಿಸಬೇಕಾದವರೆಲ್ಲ ಒಂದು ರೀತಿಯಲ್ಲಿ ನಾಯಕರೇ. ವೆಲ್ಡಿಂಗ್ ಅಂಗಡಿ ನಡೆಸುವವರು, ಹೊಲಕ್ಕೆ ಆಳು ಕರೆಯುವವರು, ಐದು ಮಕ್ಕಳನ್ನು ಬೆಳಿಗ್ಗೆ ಶಾಲೆಗೆ ಕಳಿಸುವ ತಾಯಿ, ಎಲ್ಲರೂ. ಆದ್ದರಿಂದ ನನ್ನ ತಪ್ಪುಗಳಿಂದ ನಾನು ಕಲಿತದ್ದನ್ನೇ ಹೇಳುತ್ತೇನೆ.

ನಾನು ಮೇಲ್ವಿಚಾರಕನಾದ ಹೊಸದು. ಒಂದು ರಾತ್ರಿ ಚಾಲಕರೊಬ್ಬರು ದೂರಿನ ಪುಸ್ತಕದಲ್ಲಿ ‘ಬ್ರೇಕ್ ತಡವಾಗಿ ಹಿಡಿಯುತ್ತದೆ’ ಎಂದು ಬರೆದಿದ್ದರು. ನಾನು ಮೆಕ್ಯಾನಿಕ್‌ಗೆ ಹೇಳಿದೆ. ಅವನು ‘ಆಯ್ತು ಸಾರ್’ ಅಂದ. ನಾನು ಪುಸ್ತಕದಲ್ಲಿ ಸಹಿ ಹಾಕಿ ಮನೆಗೆ ಹೋದೆ. ಬೆಳಿಗ್ಗೆ ಅದೇ ಬಸ್ಸು ಇಳಿಜಾರಿನಲ್ಲಿ ನಿಲ್ಲದೆ, ಚಾಲಕರ ಸಮಯಪ್ರಜ್ಞೆಯಿಂದ ಹೊಲದ ಬದುವಿಗೆ ಹತ್ತಿ ನಿಂತಿತು. ಒಳಗೆ ಶಾಲೆಯ ಮಕ್ಕಳಿದ್ದರು. ಅಲ್ಲಾಹನ ದಯೆ, ಯಾರಿಗೂ ಏನೂ ಆಗಲಿಲ್ಲ.

ಆಮೇಲೆ ಆ ಮೆಕ್ಯಾನಿಕ್‌ನನ್ನು ಕೇಳಿದೆ. ಸ್ಟೋರಿನಲ್ಲಿ ಲೈನರ್ ಇರಲಿಲ್ಲವಂತೆ, ಇದ್ದದ್ದನ್ನೇ ಟೈಟ್ ಮಾಡಿ ಬಿಟ್ಟಿದ್ದ. ‘ನನಗೆ ಯಾಕೆ ಹೇಳಲಿಲ್ಲ?’ ಅಂದೆ. ‘ಹೇಳಿದರೆ ನೀವು ಬೈತೀರಿ ಅಂತ ಹೆದರಿಕೆ ಸಾರ್’ ಅಂದ. ಆ ಮಾತು ಇವತ್ತಿಗೂ ಮರೆತಿಲ್ಲ. ಅವನ ತಪ್ಪು ಒಂದಾದರೆ ನನ್ನವು ಎರಡು. ಮೊದಲನೆಯದು, ಹೇಳಿದೆ, ಆದರೆ ಹೋಗಿ ನೋಡಲಿಲ್ಲ. ಎರಡನೆಯದು, ಕೆಟ್ಟ ಸುದ್ದಿ ತಂದವರನ್ನು ಎಲ್ಲರೆದುರು ಬೈದು ಬೈದು, ಕೆಟ್ಟ ಸುದ್ದಿ ನನ್ನ ತನಕ ಬಾರದ ಹಾಗೆ ಮಾಡಿಕೊಂಡಿದ್ದೆ. ಅಂದಿನಿಂದ ಒಂದು ನಿಯಮ ಇಟ್ಟುಕೊಂಡೆ. ಬೈಯುವುದಿದ್ದರೆ ಕೋಣೆಯೊಳಗೆ, ಒಬ್ಬನೇ ಇದ್ದಾಗ. ಹೊಗಳುವುದಿದ್ದರೆ ಶೆಡ್ಡಿನಲ್ಲಿ, ಎಲ್ಲರ ಮುಂದೆ. ತೊಂದರೆಯನ್ನು ಮೊದಲೇ ಬಂದು ಹೇಳಿದವನಿಗೆ ಬೈಗುಳವೇ ಇಲ್ಲ.

ಹೋಗಿ ನೋಡುವ ಈ ಪಾಠಕ್ಕೆ ನಮ್ಮ ನಾಡಿನಲ್ಲಿ ದೊಡ್ಡ ಉದಾಹರಣೆ ಸರ್ ಮಿರ್ಜಾ ಇಸ್ಮಾಯಿಲ್. 1883ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಪರ್ಷಿಯಾದಿಂದ ಬಂದು ಕುದುರೆ ವ್ಯಾಪಾರ ಮಾಡಿದ ಮನೆತನ. 1926ರಿಂದ 1941ರವರೆಗೆ ಮೈಸೂರಿನ ದಿವಾನರು. ಆ ಕಾಲದಲ್ಲಿ ನಮ್ಮ ಬಳ್ಳಾರಿ ಸೀಮೆ ಮದರಾಸು ಪ್ರಾಂತ್ಯದಲ್ಲಿತ್ತು. ನಮ್ಮ ಹಿರಿಯರು ಅವರ ಆಡಳಿತ ಕಂಡವರಲ್ಲ. ಆದರೂ ಅವರ ಹೆಸರು ಇಲ್ಲಿಯವರೆಗೆ ಬಂದಿದೆ. ಯಾಕೆಂದರೆ ದಿವಾನರಾಗಿದ್ದರೂ ಬೆಳಿಗ್ಗೆ ಊರು ಸುತ್ತಿ, ರಸ್ತೆ, ಚರಂಡಿ, ಉದ್ಯಾನಗಳನ್ನು ತಮ್ಮ ಕಣ್ಣಿಂದಲೇ ನೋಡುತ್ತಿದ್ದರು. ಕಡತದಲ್ಲಿ ‘ಕೆಲಸ ಮುಗಿದಿದೆ’ ಎಂದು ಬರೆದಿದ್ದರೆ, ನಿಜವಾಗಿ ಮುಗಿದಿದೆಯೇ ಎಂದು ಹೋಗಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ಅವರ ಕಾಲದ ಇನ್ನೊಂದು ಪಾಠ, ಒಂದು ಕೆಲಸವನ್ನು ಇನ್ನೊಂದಕ್ಕೆ ಜೋಡಿಸುವುದು. ಕನ್ನಂಬಾಡಿ ಕಟ್ಟೆಯಿಂದ ಮಂಡ್ಯಕ್ಕೆ ನಾಲೆ ಬಂತು, ನೀರಿನಿಂದ ಕಬ್ಬು ಬಂತು, ಕಬ್ಬಿಗೆ 1930ರ ದಶಕದಲ್ಲಿ ಮಂಡ್ಯದಲ್ಲೇ ಸಕ್ಕರೆ ಕಾರ್ಖಾನೆ ಬಂತು. ನಾಲೆ ತೋಡಿ ಕೈತೊಳೆದುಕೊಂಡಿದ್ದರೆ ರೈತ ಕಬ್ಬು ಬೆಳೆದು ಎಲ್ಲಿಗೆ ಒಯ್ಯಬೇಕಿತ್ತು? ನಾವು ಮಗುವಿಗೆ ಒಂದು ವರ್ಷ ಫೀ ಕೊಟ್ಟು ಕೈತೊಳೆದುಕೊಂಡರೂ ಹಾಗೆಯೇ. ಮುಂದಿನ ವರ್ಷ ಏನು, ಓದು ಮುಗಿದ ಮೇಲೆ ಏನು ಎಂದು ಇವತ್ತೇ ಕೇಳಬೇಕು.

ಸಮಯದ ಲೆಕ್ಕ ಕಲಿಯಲು ದೂರ ಹೋಗಬೇಕಿಲ್ಲ, ಹಡಗಲಿಗೆ ಹೋದರೆ ಸಾಕು. ಹಡಗಲಿ ಮಲ್ಲಿಗೆಗೆ ಜಿಐ ಮಾನ್ಯತೆ ಸಿಕ್ಕಿದೆ ಎಂದು ನಾವೆಲ್ಲ ಹೆಮ್ಮೆ ಪಡುತ್ತೇವೆ. ಆದರೆ ಆ ಮೊಗ್ಗು ಅರಳುವ ಮುಂಚೆ ಮಾರುಕಟ್ಟೆಗೆ ಮುಟ್ಟಬೇಕು. ಅರಳಿದರೆ ಬೆಲೆ ಬಿತ್ತು. ಅದಕ್ಕೇ ಬೆಳೆಗಾರ ಹಿಂದಿನಿಂದ ಲೆಕ್ಕ ಹಾಕುತ್ತಾನೆ. ಬಸ್ಸು ಎಷ್ಟು ಹೊತ್ತಿಗೆ? ಹಾಗಾದರೆ ಮೊಗ್ಗು ಕಟ್ಟಿ ಮುಗಿಯುವುದು ಎಷ್ಟು ಹೊತ್ತಿಗೆ? ಬಿಡಿಸಲು ಶುರು ಮಾಡುವುದು ಎಷ್ಟು ಹೊತ್ತಿಗೆ? ಆಳಿಗೆ ಹೇಳುವುದು ಯಾವಾಗ? ಉತ್ತರ, ಹಿಂದಿನ ದಿನ ಸಂಜೆ. ಕೊನೆಯಿಂದ ಮೊದಲಿಗೆ ಬರುವ ಈ ಲೆಕ್ಕವೇ ಯೋಜನೆ. ಅರ್ಜಿಯ ಕೊನೇ ದಿನ ಸರ್ವರ್ ಇಲ್ಲ, ಆದಾಯ ಪ್ರಮಾಣಪತ್ರ ಬಂದಿಲ್ಲ ಎಂದು ಅಳುವ ನಮ್ಮ ಮನೆಗಳಿಗೆ ಈ ಮಲ್ಲಿಗೆ ಲೆಕ್ಕ ಬೇಕು.

ಮೂರನೆಯದು, ಬರೆದಿಡುವುದು. ಸಾಲದ ವ್ಯವಹಾರ ಮಾಡುವಾಗ ಬರೆದಿಡಿ, ಸಾಕ್ಷಿ ಇಡಿ ಎಂದು ಸೂರಾ ಬಕರಾದಲ್ಲಿ ಬಹಳ ವಿವರವಾಗಿ ಹೇಳಿದೆ. ಕುರ್‌ಆನಿನ ಅತಿ ಉದ್ದದ ಆಯತ್ ಅದೇ. ಆದರೂ ನಮ್ಮಲ್ಲಿ ‘ನಂಬಿಕೆ ಇದೆಯಲ್ಲ, ಬರೆಯೋದು ಯಾಕೆ’ ಅನ್ನುತ್ತೇವೆ. ಬರೆಯುವುದು ನಂಬಿಕೆ ಇಲ್ಲ ಎಂದಲ್ಲ. ನಂಬಿಕೆ ಉಳಿಯಲಿ ಎಂದು. ಅಂಗಡಿಯ ಹಣ ಬೇರೆ, ಮನೆಯ ಹಣ ಬೇರೆ ಡಬ್ಬಿಯಲ್ಲಿರಲಿ. ಅಣ್ಣತಮ್ಮಂದಿರ ಅಂಗಡಿಗಳು ಒಡೆದದ್ದು ನಷ್ಟದಿಂದಲ್ಲ, ಲೆಕ್ಕ ಇಲ್ಲದ್ದರಿಂದ ಎಂಬುದನ್ನು ನಮ್ಮ ಊರುಗಳಲ್ಲಿ ಕಣ್ಣಾರೆ ಕಂಡಿದ್ದೇನೆ.

ಮಕ್ಕಳಿಗೆ ಒಂದು ಮಾತು. 1966ರಲ್ಲಿ ಅಜೀಂ ಪ್ರೇಮ್‌ಜಿಯವರ ತಂದೆ ತೀರಿಹೋದಾಗ ಅವರಿಗೆ 21 ವರ್ಷ. ಅಮೆರಿಕದಲ್ಲಿ ಓದುತ್ತಿದ್ದವರು ಓದು ನಿಲ್ಲಿಸಿ ಬಂದು ವನಸ್ಪತಿ ಎಣ್ಣೆಯ ಕಂಪನಿಯನ್ನು ವಹಿಸಿಕೊಂಡರು. ಷೇರುದಾರರ ಸಭೆಯಲ್ಲಿ ಒಬ್ಬರು ಎದ್ದು, ನಿನ್ನಿಂದ ಆಗದು, ಮಾರಿಬಿಡು ಎಂಬರ್ಥದ ಮಾತು ಆಡಿದರಂತೆ. ಅವರು ಮಾರಲಿಲ್ಲ, ಗೊತ್ತಿಲ್ಲದ್ದನ್ನು ಕಲಿತರು. ಆ ಕಂಪನಿಯೇ ಇಂದಿನ ವಿಪ್ರೋ. ಅರ್ಧಕ್ಕೆ ಬಿಟ್ಟ ಪದವಿಯನ್ನೂ ಬಹಳ ವರ್ಷಗಳ ನಂತರ ಮುಗಿಸಿದರು. ಅದೇ 1966ರಲ್ಲಿ ಬೆಂಗಳೂರಿನಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಅಲ್ ಅಮೀನ್ ಶಿಕ್ಷಣ ಸಂಸ್ಥೆ ಕಟ್ಟಿದರು. ವೃತ್ತಿಯಲ್ಲಿ ವೈದ್ಯರು. 2021ರಲ್ಲಿ ಅವರು ತೀರಿಕೊಂಡರು. ಸಂಸ್ಥೆಯ ಶಾಲೆ ಕಾಲೇಜುಗಳು ನಡೆದೇ ಇವೆ. ತಾನಿಲ್ಲದಿದ್ದರೂ ಕೆಲಸ ನಡೆಯುವಂತೆ ಜನರನ್ನು ತಯಾರು ಮಾಡುವುದು ಎಂದರೆ ಇದೇ.

ಇನ್ನು ನನ್ನ ಎರಡನೇ ತಪ್ಪು. ಹೇಳುವುದೋ ಬೇಡವೋ ಎಂದು ಯೋಚಿಸಿದ್ದೆ. ದಾನಿಗಳಿಗೆ ಲೆಕ್ಕ ಒಪ್ಪಿಸುವ ಸಭೆ ಇದು, ಹೇಳಲೇಬೇಕು.

ಎರಡು ವರ್ಷದ ಹಿಂದೆ ನರ್ಸಿಂಗ್ ಸೀಟು ಸಿಕ್ಕ ಒಬ್ಬ ಹುಡುಗಿಗೆ ನೆರವು ಮಂಜೂರಾಗಿತ್ತು. ಹಣ ಹಾಕಿದೆವು, ವಾಪಸ್ ಬಂತು. ಬಹಳ ದಿನ ಬಳಸದೆ ಅವಳ ಖಾತೆ ನಿಂತುಹೋಗಿತ್ತು. ಆ ತಾಲ್ಲೂಕಿನ ಪಟ್ಟಿ ನನ್ನ ಕೈಯಲ್ಲಿತ್ತು. ಒಂದು ಸಲ ಫೋನ್ ಮಾಡಿದೆ. ‘ಮಾಡಿಸ್ತೀವಿ ಸಾಹೇಬ್ರೆ’ ಅಂದರು ಅವಳ ಅಬ್ಬಾ. ನಾನು ಪಟ್ಟಿಯಲ್ಲಿ ಟಿಕ್ ಹಾಕಿದೆ. ಅವರು ದುಡಿಯಲು ಬೆಂಗಳೂರಿಗೆ ಹೋಗಿದ್ದರು, ಬ್ಯಾಂಕಿಗೆ ಹೋಗಲು ಮನೆಯಲ್ಲಿ ಯಾರೂ ಇರಲಿಲ್ಲ. ಫೀ ಕಟ್ಟುವ ದಿನ ದಾಟಿತು, ಸೀಟು ಹೋಯಿತು. ಬ್ರೇಕ್ ಪುಸ್ತಕದಲ್ಲಿ ಹಾಕಿದ್ದ ಅದೇ ಸಹಿ ಅದು. ಮುಂದಿನ ವರ್ಷ ಅವಳು ಮತ್ತೆ ಸೇರಿದ್ದಾಳೆ, ಚೆನ್ನಾಗಿ ಓದುತ್ತಿದ್ದಾಳೆ. ಆದರೆ ಕಳೆದುಹೋದ ಆ ಒಂದು ವರ್ಷವನ್ನು ನಾನು ಅವಳಿಗೆ ಹೇಗೆ ಕೊಡಲಿ?

ಅದರ ನಂತರ ನಮ್ಮ ಪಟ್ಟಿಗೆ ನಾಲ್ಕು ಕಲಂ ಮಾಡಿದ್ದೇವೆ. ಯಾವ ಕೆಲಸ, ಯಾರು ಮಾಡಬೇಕು, ಯಾವ ದಿನದೊಳಗೆ, ಕಣ್ಣಾರೆ ನೋಡಿದವರು ಯಾರು. ನಾಲ್ಕನೇ ಕಲಂನಲ್ಲಿ ಹೆಸರು ಬೀಳುವವರೆಗೆ ಕೆಲಸ ಮುಗಿದಂತಲ್ಲ.

ದಾನಿಗಳಲ್ಲಿ ನನ್ನ ವಿನಂತಿ: ಹಣದ ಜೊತೆಗೆ ತಿಂಗಳಿಗೆ ಅರ್ಧ ದಿನ ಕೊಡಿ. ನಿಮ್ಮ ಊರಿನ ಒಂದು ಮಗುವಿನ ಮನೆಗೆ ಹೋಗಿ ಬನ್ನಿ. ಪೋಷಕರಲ್ಲಿ ವಿನಂತಿ: ಈ ವಾರವೇ ಮಗುವಿನ ಹೆಸರಿನ ಖಾತೆಗೆ ನೂರು ರೂಪಾಯಿ ಹಾಕಿ ತೆಗೆದು ನೋಡಿ. ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಕೇಳಿ. ಆಧಾರ್, ಅಂಕಪಟ್ಟಿ, ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ಪಕ್ಕಪಕ್ಕ ಇಟ್ಟು ನೋಡಿ. ತೊಂದರೆ ಇದ್ದರೆ ಇವತ್ತೇ ನಮ್ಮ ತಾಲ್ಲೂಕಿನ ಕಾರ್ಯಕರ್ತರಿಗೆ ಹೇಳಿ. ಯಾರೂ ಬೈಯುವುದಿಲ್ಲ.

ಅಲ್ಲಾಹನು ನಮ್ಮೆಲ್ಲರ ದುಡಿಮೆಯನ್ನು ಸ್ವೀಕರಿಸಲಿ. ಮಕ್ಕಳಿಗೆ ಶುಭವಾಗಲಿ.