ಯಾರ ರಕ್ತದ ಲೆಕ್ಕ?

(ಪಕ್ಷದ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



1963ರಲ್ಲಿ ಲೋಹಿಯಾ ಅವರು ಲೋಕಸಭೆಯಲ್ಲಿ ಎತ್ತಿದ ಮೂರಾಣೆಯ ಪ್ರಶ್ನೆ ನಿಮಗೆಲ್ಲ ಗೊತ್ತಿರುವುದೇ. ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಾರೆಂದು ಅವರೆಂದರು. ನೆಹರೂ ಅವರು ಹದಿನೈದಾಣೆ ಎಂದರು. ಬಡವರ ಪರವಾದ ಅಷ್ಟು ದೊಡ್ಡ ಜಗಳ ನಡೆದದ್ದು ಒಂದು ಅಂಕಿಯ ಮೇಲೆ. ಆದ್ದರಿಂದ ಅಂಕಿ ಎಣಿಸುವವರ ವಿಚಾರ ನಮ್ಮದಲ್ಲವೆಂದು ಯಾರೂ ತಿಳಿಯಬಾರದು.

ಮುಂಬಯಿಯ ದೇವನಾರದಲ್ಲಿ ಜನಸಂಖ್ಯಾ ವಿಜ್ಞಾನದ ಅಂತರರಾಷ್ಟ್ರೀಯ ಸಂಸ್ಥೆಯೊಂದಿದೆ. ಭಾರತ ಸರ್ಕಾರ, ವಿಶ್ವಸಂಸ್ಥೆ, ದೊರಾಬ್ಜಿ ಟಾಟಾ ಟ್ರಸ್ಟ್ ಸೇರಿ 1956ರಲ್ಲಿ ಕಟ್ಟಿದ್ದು. 1985ರಿಂದ ಅದಕ್ಕೆ ವಿಶ್ವವಿದ್ಯಾನಿಲಯದ ಸ್ಥಾನ. ಅದು ಹುಟ್ಟಿದ ಕಾಲದಲ್ಲಿ ದೊಡ್ಡವರ ಬಾಯಲ್ಲಿದ್ದ ಮಾತು ಒಂದೇ: ಬಡವರು ಹೆಚ್ಚು ಹೆರುತ್ತಾರೆ, ಅದಕ್ಕೇ ದೇಶ ಬಡವಾಗಿದೆ. ಈ ಮಾತು ಎಷ್ಟು ಟೊಳ್ಳೆಂಬುದನ್ನು ತೋರಿಸುವ ಲೆಕ್ಕವೂ ಅದೇ ಸಂಸ್ಥೆಯಿಂದ ಬಂದಿತು. ಅಲ್ಲಿಯವರು 1992-93ರಿಂದ ನಡೆಸುತ್ತ ಬಂದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೊದಲ ಸುತ್ತಿನಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 3.4 ಮಕ್ಕಳು, 2019-21ರ ಐದನೆಯ ಸುತ್ತಿನಲ್ಲಿ 2.0. ಕರ್ನಾಟಕದಲ್ಲಿ 1.7. ಮಕ್ಕಳು ಕಡಮೆಯಾದರು, ಬಡತನ ಹೋಯಿತೇ? ಇನ್ನೊಂದು ಮಾತು. ಈ ಇಳಿತದ ಭಾರ ಹೊತ್ತವರು ಯಾರು? ಮದುವೆಯಾದ ನೂರು ಹೆಣ್ಣುಮಕ್ಕಳಲ್ಲಿ 38 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡಂದಿರಲ್ಲಿ ನೂರಕ್ಕೆ ಒಬ್ಬನೂ ಇಲ್ಲ!

ಐದನೆಯ ಸುತ್ತಿನಲ್ಲಿ ಹತ್ತಿರ ಹತ್ತಿರ 6 ಲಕ್ಷ 37 ಸಾವಿರ ಮನೆಗಳ ಬಾಗಿಲಿಗೆ ಹೋದರು. ಸಂಪಾದನೆ ಎಷ್ಟೆಂದು ಕೇಳುವುದಿಲ್ಲ; ಕೇಳಿದರೆ ನಿಜ ಹೇಳುವವರಾರು? ಮಂಚವಿದೆಯೇ, ಫ್ಯಾನಿದೆಯೇ, ಪ್ರೆಷರ್ ಕುಕ್ಕರ್ ಇದೆಯೇ, ಕಕ್ಕಸಿದೆಯೇ, ನೀರು ಎಲ್ಲಿಂದ ತರುತ್ತೀರಿ, ಚಾವಣಿ ಯಾವುದರದು—ಹೀಗೆ ಕೇಳಿ, ಮನೆಗಳನ್ನೆಲ್ಲ ಸಾಲಿಗಿಟ್ಟು, ಜನರನ್ನು ಐದು ಪಾಲು ಮಾಡುತ್ತಾರೆ. ಐದು ವರ್ಷ ತುಂಬುವ ಮೊದಲೇ ಸಾಯುವ ಮಕ್ಕಳು ಮೇಲಿನ ಪಾಲಿಗಿಂತ ಕೆಳಗಿನ ಪಾಲಿನಲ್ಲಿ ಎರಡು ಪಟ್ಟಿಗೂ ಹೆಚ್ಚು. ಜಾತಿಯನ್ನೂ ಕೇಳುತ್ತಾರೆ. ಆದರೆ ವರದಿಯಲ್ಲಿ ನೂರಾರು ಜಾತಿಗಳನ್ನು ಮೂರು ನಾಲ್ಕು ಗೂಡೆಗಳಿಗೆ ತುಂಬಿಬಿಡುತ್ತಾರೆ. ಮಡಿವಾಳರ ಕೂಸೂ ಹಿಂದುಳಿದವರಲ್ಲೇ ಬಲವಾದ ಜಾತಿಯೊಂದರ ಜಮೀನ್ದಾರನ ಕೂಸೂ ಒಂದೇ ಗೂಡೆಯಲ್ಲಿ. ಇದು ನನ್ನ ತಕರಾರು.

ಈಗ ರಕ್ತದ ವಿಷಯ. ಬೆರಳ ತುದಿ ಚುಚ್ಚಿ ಒಂದು ಹನಿ ತೆಗೆದು ರಕ್ತಹೀನತೆ ನೋಡುತ್ತಿದ್ದರು. 2019-21ರಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಸಾಲದು. ಐದು ವರ್ಷದೊಳಗಿನ ಮಕ್ಕಳಲ್ಲಿ 67. ಹಿಂದಿನ ಸುತ್ತಿನಲ್ಲಿ 58.6 ಇದ್ದದ್ದು ಏರಿತ್ತು. ಮುಂದಿನ, ಅಂದರೆ 2023-24ರ ಸುತ್ತಿನಲ್ಲಿ ಆ ಪರೀಕ್ಷೆಯನ್ನೇ ಕೈಬಿಟ್ಟರು. ಬೆರಳಿನ ಹನಿಯಿಂದ ಲೆಕ್ಕ ತಪ್ಪುತ್ತದೆ, ರಕ್ತನಾಳದಿಂದ ತೆಗೆಯಬೇಕು, ಅದಕ್ಕೆ ಬೇರೆ ಸಮೀಕ್ಷೆ ಇದೆ ಎಂಬುದು ಕೊಟ್ಟ ಕಾರಣ. ವಿಜ್ಞಾನದ ದೃಷ್ಟಿಯಿಂದ ಈ ಮಾತಿನಲ್ಲಿ ಹುರುಳಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಹಳೆಯ ತಕ್ಕಡಿ ತುಸು ಸೊಟ್ಟಗಿದ್ದರೂ, ಅದೇ ತಕ್ಕಡಿಯಲ್ಲಿ ಮತ್ತೆ ತೂಗಿದರೆ ಏರಿತೋ ಇಳಿಯಿತೋ ತಿಳಿಯುತ್ತದೆ. ಹೊಸದರ ಜೊತೆಗೆ ಹಳೆಯದನ್ನೂ ಒಂದು ಸುತ್ತು ಇಟ್ಟುಕೊಂಡಿದ್ದರೆ ಗಂಟೇನು ಹೋಗುತ್ತಿತ್ತು? ಅಂಕಿ ಏರಿದ ಮರುಸುತ್ತಿನಲ್ಲೇ ತಕ್ಕಡಿ ಬದಲಾಯಿಸಿದರೆ ಜನ ಅನುಮಾನಪಡದೆ ಇರುತ್ತಾರೆಯೇ?

ನಾವು ಮಾಡಬೇಕಾದ್ದು ಇಷ್ಟು. ಐದನೆಯ ಸುತ್ತಿನ ವರದಿ ಜಿಲ್ಲೆವಾರು ಅಚ್ಚಾಗಿದೆ. ನಮ್ಮ ಜಿಲ್ಲೆಯ ಹಾಳೆಗಳನ್ನು ಕನ್ನಡಕ್ಕೆ ತಂದು ಕಚೇರಿಯಲ್ಲಿಟ್ಟಿದ್ದೇವೆ. ತಾಲ್ಲೂಕಿಗೊಂದು ಪ್ರತಿ ತೆಗೆದುಕೊಂಡು ಹೋಗಿ. ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ಅಂಗನವಾಡಿಯ ಮೊಟ್ಟೆ, ಕಬ್ಬಿಣದ ಮಾತ್ರೆ ಎಷ್ಟು ತಿಂಗಳು ಬಂದಿಲ್ಲವೆಂದು ತಾಯಂದಿರನ್ನೇ ಕೇಳಿ ಹಾಳೆಯ ಹಿಂದೆ ಬರೆದುಕೊಂಡು ಬನ್ನಿ. ಮುಂದಿನ ಶಿಬಿರದಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ.