ಒಂದೇ ಒಂದು ಪ್ರತಿ
(ವಿದ್ಯಾರ್ಥಿಗಳು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



 ಇಂದು ನಾನು ಮಾತನಾಡುವುದು ಹಳೆಯ ಪೋಲರಾಯ್ಡ್ ಕ್ಯಾಮೆರಾಗಳ ಬಗ್ಗೆ. ಅಂದರೆ, ಕ್ಲಿಕ್ಕಿಸಿದ ಕೂಡಲೇ ಫೋಟೋವನ್ನೇ ಹೊರಹಾಕುವ ಕ್ಯಾಮೆರಾ.

ನಮ್ಮ ಅಮ್ಮಿ ಎಂದೂ ಸ್ಟುಡಿಯೋ ಮೆಟ್ಟಿಲು ಹತ್ತಿದವರಲ್ಲ. ತಮ್ಮ ಚಿತ್ರದ ನೆಗೆಟಿವ್ ಬೇರೆಯವರ ಕೈಯಲ್ಲಿ ಉಳಿಯುವುದು ಅವರಿಗೆ ಇಷ್ಟವಿರಲಿಲ್ಲ. ಸೌದಿಯಿಂದ ರಜೆಗೆ ಬಂದ ಚಾಚಾ ಜಗಳೂರಿನ ನಮ್ಮ ಮನೆಯ ಅಂಗಳದಲ್ಲೇ ಅವರ ಫೋಟೋ ತೆಗೆದರು. ಅದು ಕಣ್ಣೆದುರೇ ನಿಧಾನವಾಗಿ ಮೂಡಿತು. ಅಮ್ಮಿಯ ಜೀವಮಾನದ ಏಕೈಕ ಫೋಟೋ ಅದು. ನಾನು ಅದಕ್ಕೆ ಕಟ್ಟು ಹಾಕಿಸಿ ಕಿಟಕಿಯ ಎದುರಿನ ಗೋಡೆಗೆ ತೂಗುಹಾಕಿದೆ. ವರ್ಷಗಟ್ಟಲೆ ಬಿಸಿಲು ಬಿದ್ದು ಬಣ್ಣ ಹಾರಿತು. ಈಗ ಸೆರಗಿನ ಅಂಚಷ್ಟೇ ಕಾಣುತ್ತದೆ. ಮತ್ತೆ ತೊಳೆಸೋಣವೆಂದರೆ ನೆಗೆಟಿವ್ ಇಲ್ಲ. ತಪ್ಪು ನನ್ನದೇ. ಚಾಚಾ ಬಿಟ್ಟುಹೋದ ಆ ಕ್ಯಾಮೆರಾದಿಂದ ನನ್ನ ಸಂಗ್ರಹ ಆರಂಭವಾಯಿತು.

ಈ ಕ್ಯಾಮೆರಾ ಹುಟ್ಟಿದ್ದು ಒಂದು ಮಗುವಿನ ಪ್ರಶ್ನೆಯಿಂದ. 1943ರಲ್ಲಿ ಅಮೆರಿಕದ ಎಡ್ವಿನ್ ಲ್ಯಾಂಡ್ ಅವರನ್ನು ಮೂರು ವರ್ಷದ ಮಗಳು, ಈಗ ತೆಗೆದ ಚಿತ್ರವನ್ನು ಈಗಲೇ ಏಕೆ ನೋಡಲಾಗದು ಎಂದು ಕೇಳಿದಳು. ಅವರು ಮಗುವನ್ನು ಗದರಿಸಲಿಲ್ಲ, ಉತ್ತರ ಹುಡುಕಿದರು. 1947ರಲ್ಲಿ ವಿಜ್ಞಾನಿಗಳ ಮುಂದೆ ಪ್ರದರ್ಶನ ನಡೆಯಿತು. 1948ರಲ್ಲಿ ಬಾಸ್ಟನ್ ನಗರದಲ್ಲಿ ಮಾರಾಟ ಆರಂಭವಾಯಿತು. ಚಿತ್ರ ತಾನೇ ಹೊರಬರುವ ಎಸ್‌ಎಕ್ಸ್-70 ಮಾದರಿ 1972ರಲ್ಲಿ ಬಂತು. 2008ರಲ್ಲಿ ಕಂಪನಿ ಫಿಲ್ಮ್ ತಯಾರಿಕೆ ನಿಲ್ಲಿಸಿದಾಗ ಈ ಕ್ಯಾಮೆರಾಗಳ ಕಥೆ ಮುಗಿಯಿತೆಂದೇ ಜನ ಭಾವಿಸಿದರು. ಆದರೆ ನೆದರ್ಲೆಂಡ್ಸ್‌ನ ಕಾರ್ಖಾನೆಯ ಯಂತ್ರಗಳನ್ನು ಕೆಲವರು ಉಳಿಸಿಕೊಂಡು, 2010ರಲ್ಲಿ ಹೊಸ ಫಿಲ್ಮ್ ಹೊರತಂದರು. ಇಂದಿಗೂ ಅದು ಸಿಗುತ್ತದೆ, ಆದರೆ ದುಬಾರಿ. ಒಂದು ಪ್ಯಾಕಿನಲ್ಲಿ ಎಂಟೇ ಚಿತ್ರ.

ನಿಮ್ಮ ಮನೆಯ ಅಟ್ಟದಲ್ಲಿ ಇಂಥ ಕ್ಯಾಮೆರಾ ಇದ್ದರೆ ಗುಜರಿಗೆ ಹಾಕಬೇಡಿ. ಎಸ್‌ಎಕ್ಸ್-70 ಮತ್ತು 600 ಮಾದರಿಗಳ ಬ್ಯಾಟರಿ ಫಿಲ್ಮ್ ಪ್ಯಾಕಿನೊಳಗೇ ಇರುತ್ತದೆ. ಆದ್ದರಿಂದ ಸತ್ತಂತೆ ಕಾಣುವ ಕ್ಯಾಮೆರಾ ಹೊಸ ಪ್ಯಾಕ್ ಹಾಕಿದೊಡನೆ ಎಚ್ಚರಗೊಳ್ಳಬಹುದು. ಆಯಾ ಮಾದರಿಯ ಫಿಲ್ಮನ್ನೇ ಕೊಳ್ಳಿ. ಐ-ಟೈಪ್ ಎಂಬ ಫಿಲ್ಮಿನಲ್ಲಿ ಬ್ಯಾಟರಿ ಇಲ್ಲ, ಹಳೆಯ ಕ್ಯಾಮೆರಾಕ್ಕೆ ಅದು ಬೇಡ. ಒಳಗಿನ ಎರಡು ರೋಲರ್‌ಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ರಾಸಾಯನಿಕವನ್ನು ಚಿತ್ರದ ಮೇಲೆ ಸಮನಾಗಿ ಹರಡುವುದು ಅವೇ.

ನಮ್ಮ ಸೀಮೆಯ ಬೇಸಿಗೆ ಈ ಫಿಲ್ಮಿಗೆ ಆಗಿಬರುವುದಿಲ್ಲ. 28 ಡಿಗ್ರಿ ದಾಟಿದರೆ ಚಿತ್ರಕ್ಕೆ ಹಳದಿ ಅಥವಾ ಕೆಂಪು ಛಾಯೆ ಬರುತ್ತದೆ. ಸೂಳೆಕೆರೆಯ ಏರಿಯ ಮೇಲಾಗಲಿ, ಹೊನ್ನಾಳಿಯ ಹೊಳೆದಂಡೆಯಲ್ಲಾಗಲಿ, ಬೆಳಗಿನ ತಂಪಿನಲ್ಲಿ ತೆಗೆಯಿರಿ. ಹೊರಬಂದ ಚಿತ್ರವನ್ನು ಅಲ್ಲಾಡಿಸಬೇಡಿ. ಬೆಳಕು ತಾಗದಂತೆ ಹದಿನೈದು ನಿಮಿಷ ಬೋರಲು ಇಡಿ.

ಕೊನೆಯದಾಗಿ ಒಂದು ವಿನಂತಿ. ಇಂದು ಮನೆಗೆ ಹೋದ ಮೇಲೆ ಹಿರಿಯರ ಫೋಟೋಗಳನ್ನು ಗೋಡೆಯಿಂದ, ಟ್ರಂಕಿನಿಂದ ಹೊರತೆಗೆಯಿರಿ. ಪ್ರತಿಯೊಂದನ್ನೂ ಮೊಬೈಲಿನಲ್ಲಿ ಸೆರೆಹಿಡಿದು ಎರಡು ಕಡೆ ಉಳಿಸಿ. ಯಾರ ಚಿತ್ರ, ಯಾವ ಊರು, ಯಾವ ಇಸವಿ ಎಂದು ಅಜ್ಜಿಯನ್ನು ಕೇಳಿ ಬರೆದಿಡಿ. ನಾನು ಕೇಳಿ ಬರೆದಿಡಲಿಲ್ಲ. ಅಮ್ಮಿ ಆ ದಿನ ನಕ್ಕಿದ್ದರೇ ಎಂದು ಹೇಳಬಲ್ಲವರು ಈಗ ನಮ್ಮ ಮನೆಯಲ್ಲಿ ಯಾರೂ ಇಲ್ಲ.